ಲಿನಕ್ಸ್ ಫ್ರಮ್ ಸ್ಕ್ರ್ಯಾಚ್

ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ (ಎಲ್‌ಎಫ್‌ಎಸ್) ಲಿನಕ್ಸ್ ವ್ಯವಸ್ಥೆಯೊಂದನ್ನು ಮೊದಲಿನಿಂದ ಕಟ್ಟುವುದು ಹೇಗೆಂದು ಹೇಳಿಕೊಡುವ ಪುಸ್ತಕ. ಗೆರಾರ್ಡ್ ಬೀಕ್‌ಮನ್ಸ್ ಶುರುಮಾಡಿದ ಇದರ ಮೊದಲ ಆವೃತ್ತಿ 1999ರಲ್ಲಿ ಬಂತು. ಉಬುಂಟು, ಫೆಡೋರಾಗಳ ಹಾಗೆ ಇಳಿಸಿಕೊಂಡು ಇನ್‌ಸ್ಟಾಲ್ ಮಾಡುವ ಸಿದ್ಧ ಫೈಲು ಇಲ್ಲಿಲ್ಲ. ಸುಮಾರು 80 ಪ್ಯಾಕೇಜುಗಳ ಸೋರ್ಸ್ ಕೋಡ್ ತಂದು, ಒಂದೊಂದನ್ನೂ ಓದುಗರೇ ಕಂಪೈಲ್ ಮಾಡಬೇಕು.

ಈ ಕೆಲಸಕ್ಕೆ ಮನೆಯಲ್ಲಿ ಬಳಕೆ ತಪ್ಪಿ ಕೂತಿರುವ ಕಂಪ್ಯೂಟರೇ ಸರಿ. ಡಿಸ್ಕಿಗೆ ಹೊಸ ಪಾರ್ಟಿಷನ್ ಹಾಕಿ ಫಾರ್ಮ್ಯಾಟ್ ಮಾಡುವಾಗ ಡಿಸ್ಕಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇದ್ದದ್ದೆಲ್ಲ ಅಳಿಸಿಹೋಗಬಹುದು. ಆದರೆ ಹಳೆಯ ಪ್ರೊಸೆಸರಿನಲ್ಲಿ ಕಂಪೈಲ್ ಗಂಟೆಗಟ್ಟಲೆ ಓಡುತ್ತದೆ. ಯಂತ್ರದಿಂದ ಯಂತ್ರಕ್ಕೆ ವೇಗ ಬೇರೆಯಾದ್ದರಿಂದ ಪುಸ್ತಕ ಸಮಯವನ್ನು ನಿಮಿಷಗಳಲ್ಲಿ ಹೇಳುವುದಿಲ್ಲ. ಮೊದಲ ಪ್ಯಾಕೇಜಾದ ಬಿನ್‌ಯುಟಿಲ್ಸ್ ಕಂಪೈಲ್ ಆಗಲು ಹಿಡಿದ ಹೊತ್ತನ್ನೇ ಒಂದು ‘ಎಸ್‌ಬಿಯು’ ಎಂದಿಟ್ಟುಕೊಂಡು ಉಳಿದದ್ದನ್ನು ಅಳೆಯುತ್ತದೆ. ಬಹಳ ಜಾಣ ಏರ್ಪಾಡು ಇದು.

ಕಂಪೈಲರನ್ನು ಕಟ್ಟಲು ಕಂಪೈಲರೇ ಬೇಕಲ್ಲ, ಅದನ್ನು ತರುವುದೆಲ್ಲಿಂದ? ಎಲ್‌ಎಫ್‌ಎಸ್‌ನ ನಿಜವಾದ ಪಾಠ ಇಲ್ಲಿದೆ. ಆಗಲೇ ಓಡುತ್ತಿರುವ ಯಾವುದಾದರೂ ಲಿನಕ್ಸಿನ ಜಿಸಿಸಿ ಕಂಪೈಲರ್ ಬಳಸಿ ಮೊದಲು ಒಂದು ಕ್ರಾಸ್ ಕಂಪೈಲರ್ ಮಾಡಿಕೊಳ್ಳುತ್ತಾರೆ. ಆಮೇಲೆ ಕರ್ನಲ್ ಹೆಡರುಗಳು, ಅವುಗಳ ಮೇಲೆ ಗ್ಲಿಬ್‌ಸಿ ಎಂಬ ಸಿ ಲೈಬ್ರರಿ. ಹಳೆಯ ವ್ಯವಸ್ಥೆಯ ಲೈಬ್ರರಿಗಳು ಹೊಸದರೊಳಗೆ ನುಸುಳಬಾರದೆಂದೇ ಇಷ್ಟು ಸುತ್ತುಬಳಸು. ತಾತ್ಕಾಲಿಕ ಸಲಕರಣೆಗಳು ಸಾಕಷ್ಟಾದ ಮೇಲೆ ‘ಸಿಎಚ್‌ರೂಟ್’ ಆದೇಶ ಕೊಟ್ಟು ಹೊಸ ಪಾರ್ಟಿಷನ್ನಿನೊಳಗೆ ಹೊಕ್ಕರೆ ಹೊರಗಿನ ಫೈಲುಗಳು ಕಾಣುವುದಿಲ್ಲ. ಜಿಸಿಸಿಯನ್ನೂ ಸೇರಿಸಿ ಎಲ್ಲವನ್ನೂ ಅಲ್ಲಿ ಮತ್ತೆ ಕಟ್ಟುತ್ತಾರೆ.

ಕೊನೆಗೆ ಕರ್ನಲ್. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಹೊರಬಿಟ್ಟ ಮೊದಲ ಕರ್ನಲ್ಲಿನಲ್ಲಿ ಸುಮಾರು 10,000 ಸಾಲುಗಳಿದ್ದವು. ಇಂದು ಅದು 3 ಕೋಟಿ ದಾಟಿದೆ. ಬಹುಪಾಲು ಡ್ರೈವರುಗಳೇ. ‘ಮೇಕ್ ಮೆನುಕಾನ್ಫಿಗ್’ ಕೊಟ್ಟರೆ ಸಾವಿರಾರು ಆಯ್ಕೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹಲವು ಆಯ್ಕೆಗಳನ್ನು ಕರ್ನಲ್ಲಿನೊಳಗೇ ಸೇರಿಸಬಹುದು, ಬೇಕಾದಾಗ ತುಂಬಿಕೊಳ್ಳುವ ಮಾಡ್ಯೂಲ್ ಮಾಡಬಹುದು, ಇಲ್ಲವೇ ಪೂರ್ತಿ ಬಿಡಬಹುದು. ಯಂತ್ರದಲ್ಲಿ ಯಾವ ಚಿಪ್ಪಿದೆ, ಅದಕ್ಕೆ ಯಾವ ಡ್ರೈವರ್ ಎಂಬುದನ್ನು ‘ಎಲ್‌ಎಸ್‌ಪಿಸಿಐ’ ತೋರಿಸುತ್ತದೆ. ಈಗ ಬಳಕೆಯಲ್ಲಿರುವ ಮಾಡ್ಯೂಲುಗಳನ್ನಷ್ಟೇ ಉಳಿಸುವ ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಹತ್ತಿರದ ದಾರಿಯೂ ಇದೆ. ಆದರೆ ಆ ಹೊತ್ತಿಗೆ ಸಿಕ್ಕಿಸದೆ ಇದ್ದ ಯುಎಸ್‌ಬಿ ಸಾಧನದ ಡ್ರೈವರ್ ಅದರಲ್ಲಿ ಬಿಟ್ಟುಹೋಗಬಹುದು.

ಹೆಚ್ಚಿನವರು ಎಡವುವುದು ರೂಟ್ ಡಿಸ್ಕಿನ ವಿಷಯದಲ್ಲಿ. ಅದರ ಡ್ರೈವರನ್ನಾಗಲಿ ಎಕ್ಸ್ಟ್4 ಫೈಲ್‌ಸಿಸ್ಟಮ್ ಬೆಂಬಲವನ್ನಾಗಲಿ ಮಾಡ್ಯೂಲ್ ಮಾಡಿದರೆ, ಆ ಮಾಡ್ಯೂಲ್ ಇರುವುದೇ ಇನ್ನೂ ತೆರೆಯದ ಡಿಸ್ಕಿನಲ್ಲಿ! ಸಾಮಾನ್ಯ ವಿತರಣೆಗಳು ಇದಕ್ಕೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ವೇಳೆ ಮೆಮೊರಿಗೆ ಬರುವ ಪುಟ್ಟ ಫೈಲ್‌ಸಿಸ್ಟಮ್) ಇಟ್ಟಿರುತ್ತವೆ. ಎಲ್‌ಎಫ್‌ಎಸ್‌ನ ಮೂಲ ಹಾದಿಯಲ್ಲಿ ಅದಿಲ್ಲ. ರೂಟ್ ಸಿಗದೆ ಕರ್ನಲ್ ಪ್ಯಾನಿಕ್ ಆಗಿ ನಿಲ್ಲುತ್ತದೆ. ಆದ್ದರಿಂದ ಇವೆರಡನ್ನೂ ಕರ್ನಲ್ಲಿನೊಳಗೇ ಸೇರಿಸಬೇಕು, ಗ್ರಬ್ ಬೂಟ್‌ಲೋಡರಿನ ಮೆನುವಿನಲ್ಲಿ ಹಳೆಯ ಲಿನಕ್ಸನ್ನೂ ಉಳಿಸಿಕೊಂಡಿರಬೇಕು.

ಬೂಟ್ ಆದ ಮೇಲೆ ಸಿಗುವುದು ಲಾಗಿನ್ ಸಾಲು ಮಾತ್ರ. ಡೆಸ್ಕ್‌ಟಾಪ್, ಬ್ರೌಸರ್ ಬೇಕಾದವರಿಗೆ ‘ಬಿಯಾಂಡ್ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಇನ್ನೊಂದು ಪುಸ್ತಕವಿದೆ. ಪ್ಯಾಕೇಜ್ ಮ್ಯಾನೇಜರ್ ಇಲ್ಲದ ಕಾರಣ ಭದ್ರತಾ ದೋಷಗಳ ಸುದ್ದಿ ಗಮನಿಸಿ, ಆಯಾ ಪ್ಯಾಕೇಜನ್ನು ಮತ್ತೆ ಕಂಪೈಲ್ ಮಾಡುವ ಹೊಣೆ ಕಟ್ಟಿದವರದೇ.