ಅಥೆನ್ಸ್ ನಗರರಾಜ್ಯ: ಆಡಳಿತ ಮತ್ತು ಜನಜೀವನ

ಅಥೆನ್ಸ್ ಪ್ರಾಚೀನ ಗ್ರೀಸಿನ ನೂರಾರು ಸ್ವತಂತ್ರ ನಗರರಾಜ್ಯಗಳಲ್ಲಿ ಒಂದು. ಪೌರರೇ ಬಯಲಲ್ಲಿ ಸಭೆ ಸೇರಿ ತೀರ್ಮಾನ ಕೈಗೊಳ್ಳುವ, ಬಹುಪಾಲು ಹುದ್ದೆಗಳನ್ನು ಚೀಟಿ ಎತ್ತಿ ಹಂಚುವ ಪ್ರಜಾಪ್ರಭುತ್ವ ಇಲ್ಲಿ ಕ್ರಿ.ಪೂ. 508ರ ಸುಮಾರಿನಿಂದ 322ರವರೆಗೆ, ಎರಡು ಅಲ್ಪಕಾಲದ ತಡೆಗಳ ಹೊರತಾಗಿ, ನಡೆದುಬಂತು. ಅಧಿಕಾರ ಒಬ್ಬರ ಕೈಯಲ್ಲಿ ಹೆಚ್ಚು ದಿನ ನಿಲ್ಲಬಾರದೆಂಬುದು ಈ ವ್ಯವಸ್ಥೆಯ ಮೂಲತತ್ತ್ವ. ಆದರೆ ಆ ಅಧಿಕಾರ ಸುತ್ತುತ್ತಿದ್ದುದು ವಯಸ್ಕ ಪೌರ ಗಂಡಸರ ನಡುವೆ ಮಾತ್ರ.

ನೆಲ

ನಗರವೂ ಸುತ್ತಲಿನ ಅಟಿಕಾ ಪ್ರಾಂತವೂ ಸೇರಿ ಒಂದೇ ರಾಜ್ಯ; ವಿಸ್ತೀರ್ಣ ಸುಮಾರು 2,500 ಚದರ ಕಿ.ಮೀ. ಕಲ್ಲುನೆಲ, ತೆಳುಮಣ್ಣು, ಕಡಿಮೆ ಮಳೆ. ಆಲಿವ್, ದ್ರಾಕ್ಷಿ, ಬಾರ್ಲಿ ಚೆನ್ನಾಗಿ ಬೆಳೆಯುತ್ತಿದ್ದರೂ ಗೋಧಿ ಸಾಲುತ್ತಿರಲಿಲ್ಲ. ಕಪ್ಪು ಸಮುದ್ರದ ದಂಡೆಯಿಂದ ಹಡಗುಗಳಲ್ಲಿ ಪಿರೇಯಸ್ ಬಂದರಿಗೆ ಬರುವ ಧಾನ್ಯವನ್ನು ನಗರ ನೆಚ್ಚಿಕೊಂಡಿತ್ತು. ಧಾನ್ಯದ ಪೂರೈಕೆ ಪ್ರಜಾಸಭೆಯಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುತ್ತಿದ್ದ ವಿಷಯ. ಲಾರಿಯಂ ಗಣಿಗಳ ಬೆಳ್ಳಿ ನಗರದ ನಾಣ್ಯಕ್ಕೂ ನೌಕಾಪಡೆಗೂ ಆಧಾರವಾಯಿತು.

ಸುಧಾರಣೆಗಳು

ಕ್ರಿ.ಪೂ. 7ನೇ ಶತಮಾನದಲ್ಲಿ ಅಧಿಕಾರವೆಲ್ಲ ಭೂಮಾಲೀಕ ಮನೆತನಗಳಲ್ಲಿತ್ತು. ಸಾಲ ತೀರಿಸಲಾಗದ ರೈತ ಗುಲಾಮನಾಗಿ ಮಾರಾಟವಾಗುತ್ತಿದ್ದ. 594ರಲ್ಲಿ ಆರ್ಕಾನ್ ಎಂಬ ಉನ್ನತ ಹುದ್ದೆಗೆ ಬಂದ ಸೋಲನ್ ಈ ಸಾಲಗಳನ್ನು ಮನ್ನಾ ಮಾಡಿ, ದೇಹವನ್ನೇ ಒತ್ತೆಯಿಟ್ಟು ಸಾಲ ಪಡೆಯುವುದನ್ನು ನಿಷೇಧಿಸಿದ. ಪೌರರನ್ನು ಆದಾಯಕ್ಕೆ ತಕ್ಕಂತೆ ನಾಲ್ಕು ವರ್ಗ ಮಾಡಿದ್ದರಿಂದ ಹುದ್ದೆಗೆ ಹುಟ್ಟಿಗಿಂತ ಆಸ್ತಿ ಮುಖ್ಯವಾಯಿತು. ಮುಂದೆ ಪಿಸಿಸ್ಟ್ರಾಟಸ್ ಮತ್ತು ಅವನ ಮಕ್ಕಳ ಸರ್ವಾಧಿಕಾರ ನಡೆದು, 510ರಲ್ಲಿ ಕೊನೆಗೊಂಡಿತು.

508ರಲ್ಲಿ ಕ್ಲೈಸ್ತನೀಸ್ ಹಳೆಯ ಕುಲಗಳ ಹಿಡಿತವನ್ನು ಮುರಿದ. ಅಟಿಕಾದ 139 ಹಳ್ಳಿ, ಪೇಟೆಗಳನ್ನು (ಡೀಮ್) ಹತ್ತು ಹೊಸ ಬುಡಕಟ್ಟುಗಳಿಗೆ ಹಂಚಿದ. ಪ್ರತಿ ಬುಡಕಟ್ಟಿನಲ್ಲೂ ನಗರ, ಕರಾವಳಿ, ಒಳನಾಡು ಮೂರೂ ಭಾಗದವರು ಸೇರುವಂತೆ ಮಾಡಿದ್ದರಿಂದ ಒಂದು ಸೀಮೆಯ ದೊಡ್ಡಮನೆಯವರು ತಮ್ಮವರನ್ನೆಲ್ಲ ಒಟ್ಟುಗೂಡಿಸಿ ಬಲ ತೋರಿಸುವುದು ಕಷ್ಟವಾಯಿತು. 480ರಲ್ಲಿ ಸಲಾಮಿಸ್ ಬಳಿ ಪರ್ಷಿಯದ ನೌಕಾಪಡೆಯನ್ನು ಸೋಲಿಸಿದ ಹಡಗುಗಳಲ್ಲಿ ಹುಟ್ಟು ಹಾಕಿದವರಲ್ಲಿ ಬಡ ಪೌರರು ಬಹಳ ಮಂದಿ. ಒಂದೊಂದು ಯುದ್ಧನೌಕೆಗೆ 170 ಹುಟ್ಟುಗಾರರು ಬೇಕಿತ್ತು. ನಗರದ ರಕ್ಷಣೆ ಇವರ ಕೈಗೆ ಬಂದಂತೆ ಇವರ ಮಾತಿಗೂ ತೂಕ ಬಂತು. 462ರಲ್ಲಿ ಎಫಿಯಾಲ್ಟೀಸ್ ಹಿರಿಯರ ಅರಿಯೋಪಾಗಸ್ ಮಂಡಲಿಯ ಅಧಿಕಾರವನ್ನು ಬಹುಪಾಲು ಕಿತ್ತುಕೊಂಡ.

ಸಭೆ, ಮಂಡಲಿ, ಹುದ್ದೆ

ಪ್ರಜಾಸಭೆ (ಎಕ್ಲೇಸಿಯಾ) ನಿಕ್ಸ್ ಗುಡ್ಡದ ಮೇಲೆ ಸೇರುತ್ತಿತ್ತು. 4ನೇ ಶತಮಾನದಲ್ಲಿ ವರ್ಷಕ್ಕೆ 40 ಸಭೆಗಳು. ಯುದ್ಧ, ಸಂಧಿ, ತೆರಿಗೆ ಎಲ್ಲವೂ ಕೈಯೆತ್ತುವ ಮತದಿಂದ ತೀರ್ಮಾನವಾಗುತ್ತಿದ್ದವು. ಕೆಲವು ನಿರ್ಣಯಗಳಿಗೆ 6,000 ಮಂದಿಯ ಹಾಜರಿ ಕಡ್ಡಾಯ.

ಸಭೆಯ ಮುಂದೆ ಬರುವ ವಿಷಯಗಳನ್ನು ಸಿದ್ಧಪಡಿಸುತ್ತಿದ್ದುದು ಐನೂರರ ಮಂಡಲಿ (ಬೂಲೆ). ಬುಡಕಟ್ಟಿಗೆ 50ರಂತೆ ಚೀಟಿ ಎತ್ತಿ ಆಯ್ಕೆ. ಅವಧಿ ಒಂದು ವರ್ಷ, ಬದುಕಿನಲ್ಲಿ ಎರಡು ಸಲಕ್ಕಿಂತ ಹೆಚ್ಚಿಲ್ಲ. ಒಂದೊಂದು ಬುಡಕಟ್ಟಿನ ಐವತ್ತು ಮಂದಿ ವರ್ಷದ ಹತ್ತನೇ ಒಂದು ಭಾಗ ದಿನನಿತ್ಯದ ಆಡಳಿತ ನೋಡುತ್ತಿದ್ದರು. ಅವರಲ್ಲೂ ಚೀಟಿಯಿಂದ ಒಬ್ಬನು ಒಂದು ಹಗಲು, ಒಂದು ರಾತ್ರಿ ಅಧ್ಯಕ್ಷ. ಖಜಾನೆಯ ಬೀಗದ ಕೈ, ರಾಜ್ಯದ ಮುದ್ರೆ ಅಷ್ಟು ಹೊತ್ತು ಅವನಲ್ಲಿ.

ಸೇನಾಪತಿಗಳನ್ನು ಚೀಟಿಗೆ ಬಿಡದೆ ಮತ ಹಾಕಿ ಆರಿಸುತ್ತಿದ್ದರು. ವರ್ಷಕ್ಕೆ ಹತ್ತು ಮಂದಿ, ಮರುಆಯ್ಕೆಗೆ ಮಿತಿಯಿರಲಿಲ್ಲ. ನಾಯಕ ಪೆರಿಕ್ಲೀಸನ ಪ್ರಭಾವಕ್ಕೆ ಈ ಹುದ್ದೆಗೆ ಪದೇ ಪದೇ ಆಯ್ಕೆಯಾದದ್ದೇ ಆಧಾರ. ಅಧಿಕಾರ ಮುಗಿಸಿದ ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸಬೇಕಿತ್ತು.

ಅತಿ ಪ್ರಬಲನಾದ ನಾಯಕನನ್ನು ದೂರವಿಡಲು ಗಡೀಪಾರು ಮತದಾನವಿತ್ತು. ಪೌರರು ಮಡಕೆಯ ಚೂರಿನ ಮೇಲೆ ಹೆಸರು ಕೆತ್ತಿ ಹಾಕುತ್ತಿದ್ದರು. ಆಯ್ಕೆಯಾದವನು ಆಸ್ತಿ ಕಳೆದುಕೊಳ್ಳದೆ ಹತ್ತು ವರ್ಷ ನಗರ ಬಿಡಬೇಕು. ಆಕ್ರೊಪೊಲಿಸ್‌ನ ಇಳಿಜಾರಿನ ಬಾವಿಯೊಂದರಲ್ಲಿ ನಾಯಕ ಥೆಮಿಸ್ಟೋಕ್ಲೀಸನ ಹೆಸರಿನ ಸುಮಾರು 190 ಚೂರುಗಳು ಸಿಕ್ಕಿವೆ. ಬರಹ ಮಾತ್ರ ಹದಿನಾಲ್ಕು ಕೈಗಳದು. ವಿರೋಧಿಗಳು ಮೊದಲೇ ಬರೆಸಿಟ್ಟು ಹಂಚುತ್ತಿದ್ದರೆಂದು ಇದರಿಂದ ಊಹಿಸಲಾಗಿದೆ.

ನ್ಯಾಯ

ವೃತ್ತಿನಿರತ ನ್ಯಾಯಾಧೀಶರಿರಲಿಲ್ಲ. ಮೂವತ್ತು ದಾಟಿದ 6,000 ಪೌರರ ಪಟ್ಟಿಯಿಂದ 201, 401, 501 ಮಂದಿಯ ಪೀಠಗಳು ರಚನೆಯಾಗುತ್ತಿದ್ದವು. ವಾದಿ, ಪ್ರತಿವಾದಿ ಸ್ವತಃ ಮಾತಾಡಬೇಕು. ಕಾಲದ ಅಳತೆ ನೀರುಗಡಿಯಾರದ್ದು. ಪೀಠದವರಿಗೆ ಪೆರಿಕ್ಲೀಸ್ ಆರಂಭಿಸಿದ ದಿನಭತ್ಯೆ ಮುಂದೆ ಮೂರು ಒಬಾಲ್‌ಗೆ, ಎಂದರೆ ಅರ್ಧ ಡ್ರಾಕ್ಮಾಗೆ ಏರಿತು. ಕೂಲಿ ಬಿಟ್ಟು ಬರುವ ಬಡವನಿಗೂ ಪೀಠದಲ್ಲಿ ಕೂರಲು ಇದರಿಂದ ಸಾಧ್ಯವಾಯಿತು. 399ರಲ್ಲಿ ತತ್ತ್ವಜ್ಞಾನಿ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿದ್ದು ಇಂಥದೇ ಪೀಠ.

ಮನೆ, ದುಡಿಮೆ, ಹಬ್ಬ

ಗಂಡುಮಕ್ಕಳು ಹದಿನೆಂಟು ತುಂಬಿದಾಗ ತಂದೆಯ ಡೀಮ್‌ನಲ್ಲಿ ಹೆಸರು ಬರೆಸಿ ಪೌರರಾಗುತ್ತಿದ್ದರು. 451ರ ಕಾನೂನಿನ ಪ್ರಕಾರ ತಾಯಿ, ತಂದೆ ಇಬ್ಬರೂ ಅಥೆನ್ಸಿನವರಾಗಿರಬೇಕು. ಹೀಗೆ ಹೆಣ್ಣಿನ ಹುಟ್ಟು ಮಗನ ಪೌರತ್ವವನ್ನು ನಿರ್ಧರಿಸಿದರೂ ಆಕೆಗೆ ಸಭೆಯಲ್ಲಿ ದನಿಯಿರಲಿಲ್ಲ. ಕಾನೂನಿನ ಕಣ್ಣಲ್ಲಿ ತಂದೆಯೋ ಗಂಡನೋ ಅವಳ ಪೋಷಕ. ಧರ್ಮದ ಕ್ಷೇತ್ರ ಮಾತ್ರ ಬೇರೆ: ಅಥೀನಾ ದೇವಿಯ ಅರ್ಚಕಿಗೆ ದೊಡ್ಡ ಗೌರವವಿತ್ತು, ಥೆಸ್ಮೊಫೋರಿಯಾ ಹೆಂಗಸರೇ ನಡೆಸುವ ಹಬ್ಬ.

ಹೊರಗಿನಿಂದ ಬಂದು ನೆಲೆಸಿದ ಮೆಟಿಕ್‌ಗಳು ವ್ಯಾಪಾರ, ಕುಶಲಕರ್ಮಗಳಲ್ಲಿ ಮುಂದಿದ್ದರು. ಅವರು ವರ್ಷಕ್ಕೆ 12 ಡ್ರಾಕ್ಮಾ ತಲೆತೆರಿಗೆ ಕಟ್ಟಿ, ಸೈನ್ಯದಲ್ಲಿ ಸೇವೆ ಸಲ್ಲಿಸಿದರೂ ಸಾಮಾನ್ಯವಾಗಿ ಭೂಮಿ ಕೊಳ್ಳುವಂತಿರಲಿಲ್ಲ. ಗುಲಾಮರು ಮನೆ, ಹೊಲ, ಕಾರ್ಖಾನೆಗಳಲ್ಲೂ, ಅತಿ ಕಠೋರವಾಗಿ ಲಾರಿಯಂ ಗಣಿಗಳಲ್ಲೂ ದುಡಿಯುತ್ತಿದ್ದರು. ಎರೆಕ್ತಿಯಂ ದೇವಾಲಯದ ಲೆಕ್ಕದ ಶಾಸನಗಳಲ್ಲಿ ಪೌರ, ಮೆಟಿಕ್, ಗುಲಾಮ ಮೂವರೂ ದಿನಕ್ಕೆ ಒಂದು ಡ್ರಾಕ್ಮಾ ಕೂಲಿಗೆ ಒಟ್ಟಿಗೆ ದುಡಿದ ದಾಖಲೆಯಿದೆ. ಕೆಲಸದ ಜಾಗದಲ್ಲಿ ಕಾಣದ ಅಂತರ ಸಭೆಯ ಬಾಗಿಲಲ್ಲಿ ಎದ್ದು ನಿಲ್ಲುತ್ತಿತ್ತು.

ಯುದ್ಧನೌಕೆಯ ನಿರ್ವಹಣೆ, ನಾಟಕದ ಮೇಳದ ಖರ್ಚುಗಳನ್ನು ಶ್ರೀಮಂತರಿಗೆ ಕಡ್ಡಾಯವಾಗಿ ವಹಿಸುತ್ತಿದ್ದರು. ಡಯೋನಿಸಸ್ ದೇವರ ಹಬ್ಬದ ನಾಟಕಸ್ಪರ್ಧೆಗಳು ನಡೆದದ್ದು ಹೀಗೆ.

ಸಾಮ್ರಾಜ್ಯ ಮತ್ತು ಕೊನೆ

478ರಲ್ಲಿ ಪರ್ಷಿಯದ ವಿರುದ್ಧ ಕಟ್ಟಿದ ಮೈತ್ರಿಕೂಟ ಕ್ರಮೇಣ ಅಥೆನ್ಸಿನ ಸಾಮ್ರಾಜ್ಯವಾಯಿತು. 454ರ ಹೊತ್ತಿಗೆ ಕೂಟದ ಖಜಾನೆ ಡೆಲಾಸ್ ದ್ವೀಪದಿಂದ ಅಥೆನ್ಸಿಗೆ ಬಂತು. ಒಳಗೆ ಸಮಾನತೆ ಸಾರಿದ ನಗರ ಮಿತ್ರರಿಂದ ಕಪ್ಪ ವಸೂಲಿ ಮಾಡಿತು. ಸ್ಪಾರ್ಟಾದೊಡನೆ 431ರಿಂದ 404ರವರೆಗೆ ನಡೆದ ಯುದ್ಧ, 430ರ ಮಹಾಮಾರಿ ನಗರವನ್ನು ಬಳಲಿಸಿದವು. 411 ಮತ್ತು 404ರಲ್ಲಿ ಕೆಲವೇ ಮಂದಿಯ ಗುಂಪುಗಳು ಅಧಿಕಾರ ಕಸಿದುಕೊಂಡರೂ 403ರಲ್ಲಿ ಪ್ರಜಾಪ್ರಭುತ್ವ ಮರಳಿತು. ಸೇಡು ತೀರಿಸಿಕೊಳ್ಳದಂತೆ ಕ್ಷಮಾದಾನದ ಪ್ರತಿಜ್ಞೆಯೂ ಆಯಿತು. 338ರ ಕೈರೋನಿಯಾ ಸೋಲಿನ ನಂತರ ಮ್ಯಾಸಿಡೋನಿಯದ ಮೇಲುಗೈಯಾಗಿ, 322ರಲ್ಲಿ 2,000 ಡ್ರಾಕ್ಮಾ ಆಸ್ತಿಯುಳ್ಳವರಿಗಷ್ಟೇ ಪೂರ್ಣ ಪೌರತ್ವ ಉಳಿಯಿತು.

ತಿಳಿವಿನ ಮೂಲಗಳು

ಅರಿಸ್ಟಾಟಲನ ಬಳಗದ್ದೆನ್ನುವ 'ಅಥೆನ್ಸಿನ ಸಂವಿಧಾನ' ಕೃತಿ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ದೊರೆತು 1891ರಲ್ಲಿ ಅಚ್ಚಾಯಿತು. ಅದರಲ್ಲಿ ಬರುವ 'ಕ್ಲೆರೋಟೀರಿಯನ್' ಚೀಟಿ ಎತ್ತುವ ಕೊಠಡಿಯೆಂದು ವಿದ್ವಾಂಸರು ಭಾವಿಸಿದ್ದರು. ಅಥೆನ್ಸಿನ ಅಗೋರಾ ಎಂಬ ಪೇಟೆಚೌಕದ ಉತ್ಖನನದಲ್ಲಿ ಸಾಲುಸಾಲು ಸೀಳುಗಳಿದ್ದ ಕಲ್ಲಿನ ಫಲಕಗಳು ಸಿಕ್ಕಿ, 1930ರ ದಶಕದಲ್ಲಿ ಅವುಗಳ ಅಧ್ಯಯನ ನಡೆದ ಮೇಲೆ ಅದು ಕೊಠಡಿಯಲ್ಲ, ಪೌರರ ಹೆಸರಿನ ಬಿಲ್ಲೆಗಳನ್ನು ಸಿಕ್ಕಿಸಿ ಅಧಿಕಾರ ಹಂಚುತ್ತಿದ್ದ ಸಾಧನವೆಂದು ಖಚಿತವಾಯಿತು.