ಮೂರನೆಯ ಕಾಲಂ: ಠಾಣೆ–ಕಲ್ಯಾಣ ಪಟ್ಟಿಯ ಕನ್ನಡಿಗರು ಮತ್ತು ಆಯ್ದುಕೊಂಡ ಅಡ್ಡಹೆಸರು

ಮಹಾರಾಷ್ಟ್ರದ ಅರ್ಜಿ ನಮೂನೆಗಳಲ್ಲಿ ಮನುಷ್ಯನಿಗೆ ಮೂರು ಕಾಲಂಗಳು: ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ಠಾಣೆಯ ತಹಸೀಲ್ದಾರ್ ಕಚೇರಿ, ಡೊಂಬಿವಲಿಯ ಶಾಲೆಯ ದಾಖಲಾತಿ ಪುಸ್ತಕ, ವಾಶಿಯ ಬ್ಯಾಂಕು, ಕಲ್ಯಾಣದ ಹೌಸಿಂಗ್ ಸೊಸೈಟಿಯ ಕೆಳಗೆ ತೂಗುಹಾಕಿದ ನಾಮಫಲಕ, ಎಲ್ಲ ಕಡೆಯೂ ಇದೇ ಕ್ರಮ. ಮರಾಠಿ ಮನೆಯವರು ಇದರ ಬಗ್ಗೆ ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಇಲ್ಲಿಗೆ ವಲಸೆ ಬಂದ ಕನ್ನಡಿಗರಲ್ಲಿ ಹಲವರು ಮೂರನೆಯ ಕಾಲಂನಲ್ಲಿ ಬರೆಯಲು ಏನೂ ಇಲ್ಲದೆ ಬಂದವರು. ಇನ್ನು ಕೆಲವರು ಅಲ್ಲಿ ಬರೆದರೆ ಅರ್ಥವೇ ಕೆಡುವಂಥದ್ದನ್ನು ಹೊತ್ತು ಬಂದವರು. ಇಬ್ಬರೂ ಒಂದಲ್ಲ ಒಂದು ಹೊತ್ತಿನಲ್ಲಿ ತಮಗೆ ತಾವೇ ಹೆಸರೊಂದನ್ನು ಆಯ್ದುಕೊಳ್ಳಬೇಕಾಯಿತು. ಆ ಆಯ್ಕೆಯನ್ನೂ, ಸುತ್ತಲಿನವರು ಅದನ್ನು ಸ್ವೀಕರಿಸುವ ರೀತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಪರೂಪದ ಹೆಸರು ಎಂದೊಡನೆ ಕರ್ನಾಟಕದ ಓದುಗರಿಗೆ ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿಗಳು ನೆನಪಾಗಬಹುದು. ಹೈಕೋರ್ಟ್, ಕಾಫಿ, ಗೂಗಲ್ ಎಂದೆಲ್ಲ ಅಲ್ಲಿ ಮಕ್ಕಳಿಗೆ ಹೆಸರಿಟ್ಟಿದ್ದಾರೆ. ಅಂಥ ಹೆಸರು ಕೇಳಿದವರು ನಗುತ್ತಾರೆ, ನಕ್ಕು ಮುಂದಿನ ಮಾತಿಗೆ ಹೋಗುತ್ತಾರೆ. ಅಡ್ಡಹೆಸರಿನ ವಿಚಿತ್ರಕ್ಕೆ ಯಾರೂ ನಗುವುದಿಲ್ಲ. ಅಲ್ಲಿ ವಿಚಾರಣೆ ಶುರುವಾಗುತ್ತದೆ: ಯಾವ ಊರು, ಯಾವ ಜಾತಿ, ತಂದೆ ಯಾರು. ಆದ್ದರಿಂದ ನನ್ನ ಗಮನ ಮೊದಲ ಕಾಲಂನ ಮೇಲಿಲ್ಲ, ಮೂರನೆಯದರ ಮೇಲಿದೆ.

ಧಾರವಾಡ, ವಿಜಯಪುರ, ಬೆಳಗಾವಿ ಕಡೆಯವರಿಗೆ ಹೆಚ್ಚು ತೊಂದರೆಯಾಗಲಿಲ್ಲ. ಪಾಟೀಲ, ದೇಸಾಯಿ, ಕುಲಕರ್ಣಿ ಎಂಬವು ಎರಡೂ ಭಾಷೆಗಳ ಸೊತ್ತು. ಕಷ್ಟವೇನಿದ್ದರೂ ತಾವು ಕನ್ನಡದವರು ಎಂದು ನಂಬಿಸುವುದು. ಹಳೆ ಮೈಸೂರಿನವರ ಪಾಡು ಬೇರೆ. ಅವರ ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರಿನದು, ಇನ್ನೊಂದು ತಂದೆಯದು. ಹೊಳೆನರಸೀಪುರದ ರಾಮಯ್ಯನವರ ಮಗ ಮಂಜುನಾಥ ಎಂಬೊಬ್ಬನನ್ನು ಊಹಿಸಿಕೊಳ್ಳಿ. ಊರಲ್ಲಿ ಅವನು ಎಚ್. ಆರ್. ಮಂಜುನಾಥ. ಇಲ್ಲಿಯ ನಮೂನೆಯಲ್ಲಿ ಅವನು ಮಂಜುನಾಥ ರಾಮಯ್ಯ ಹೊಳೆನರಸೀಪುರ ಆಗಬಹುದು, ತಂದೆಯ ಹೆಸರನ್ನೇ ಎರಡು ಸಲ ಬರೆದು ಮಂಜುನಾಥ ರಾಮಯ್ಯ ರಾಮಯ್ಯ ಆಗಬಹುದು, ಎಂದೂ ಬಳಸದ ಗೌಡ ಅಥವಾ ರಾವ್ ಅನ್ನು ತಂದು ಅಂಟಿಸಿಕೊಳ್ಳಬಹುದು. ಪ್ಯಾನ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆದಾಗ ಅಫಿಡವಿಟ್ಟಿನ ಯೋಗ ಬರುತ್ತದೆ.

ಊರಿನ ಹೆಸರನ್ನು ಅಡ್ಡಹೆಸರಾಗಿ ಹಿಡಿಯುವುದು ಮಹಾರಾಷ್ಟ್ರಕ್ಕೆ ಹೊಸದಲ್ಲ. ಸಕಪಾಳ ಮನೆತನದ ಭೀಮರಾವ್ ಅವರ ಹೆಸರು ರತ್ನಾಗಿರಿ ಜಿಲ್ಲೆಯ ಅಂಬಡವೆ ಗ್ರಾಮದಿಂದ ಅಂಬಡವೇಕರ್ ಆಗಿ, ಶಾಲೆಯ ದಾಖಲೆಯಲ್ಲಿ ಅಂಬೇಡ್ಕರ್ ಎಂದು ನಿಂತಿತು. ಊರು ಹೇಳಿದರೆ ಜಾತಿ ಹೇಳಬೇಕಿಲ್ಲ. ಈ ಅನುಕೂಲವನ್ನು ಮನಗಂಡೇ ಊರನ್ನು ಆಯ್ದುಕೊಂಡವರು ಕನ್ನಡಿಗರಲ್ಲೂ ಇದ್ದಾರೆ. ಕೇಳುವವರು ಸೋಲೊಪ್ಪುವುದಿಲ್ಲ, ನಿಜ. ಊರಿನ ಹೆಸರು ಕೇಳಿದ ಮೇಲೆ ‘ಅದು ಸರಿ, ಮನೆಯಲ್ಲಿ ಏನು ಅಡುಗೆ ಮಾಡ್ತೀರಿ?’ ಎಂಬ ಬಳಸುದಾರಿ ಇದ್ದೇ ಇದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ತುಳುನಾಡಿನಿಂದ ಬಂದವರ ಸಂಗತಿ. ಸಾಲ್ಯಾನ್, ಕೋಟ್ಯಾನ್, ಬಂಗೇರ, ಕರ್ಕೇರ, ಸುವರ್ಣ, ಅಮೀನ್, ಕುಂದರ್ ಮೊದಲಾದವು ಬಿಲ್ಲವ, ಮೊಗವೀರ ಸಮುದಾಯಗಳ ಬಳಿಯ ಹೆಸರುಗಳು. ತುಳುವಿನಲ್ಲಿ ಬರಿ ಎನ್ನುತ್ತಾರೆ. ಅಳಿಯಸಂತಾನದ ಕ್ರಮದಲ್ಲಿ ಬರಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬರಿಯವರು ಅಣ್ಣ-ತಂಗಿಯರಿದ್ದಂತೆ, ಅವರೊಳಗೆ ಮದುವೆ ಕೂಡದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಯ ಮಟ್ಟಿಗೆ ಅಳಿಯಸಂತಾನದ ಹಿಡಿತ ಬಹುಮಟ್ಟಿಗೆ ಸಡಿಲವಾಯಿತು. ಮದುವೆ ಮತ್ತು ದೈವಾರಾಧನೆಯ ವಿಷಯದಲ್ಲಿ ಬರಿ ಉಳಿಯಿತು. ಪೂಜಾರಿ ಎಂಬ ಸಾಮಾನ್ಯ ಹೆಸರನ್ನು ಬಿಟ್ಟು ಬರಿಯನ್ನೇ ಮೂರನೆಯ ಕಾಲಂಗೆ ಬರೆದವರಿಗೆ ಅದು ಆತ್ಮಗೌರವದ ಆಯ್ಕೆ. ಆದರೆ ಆ ಕಾಲಂ ಓಡುವುದು ತಂದೆಯ ದಿಕ್ಕಿನಲ್ಲಿ. ಹೆಸರು ಹೊಂದಿಕೊಂಡಂತೆ ಕಂಡು ಒಳಗೇ ತಿರುಗುಮುರುಗಾಯಿತು.

ಡೊಂಬಿವಲಿಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಂಡ ಕೋಟ್ಯಾನ್, ಹೆಂಡತಿ ತವರಿನ ಬರಿಯಿಂದ ಸಾಲ್ಯಾನ್. ಮಗಳ ಬರಿ ಸಾಲ್ಯಾನ್, ಶಾಲೆಯ ಸರ್ಟಿಫಿಕೇಟಿನಲ್ಲಿ ಅವಳು ಕೋಟ್ಯಾನ್. ಕಲ್ಯಾಣದ ಇನ್ನೊಂದು ಮನೆಯ ಹುಡುಗ ದಾಖಲೆಯಲ್ಲಿ ಬಂಗೇರ, ಅವನ ತಾಯಿಯೂ ಸಾಲ್ಯಾನ್. ಕಾಗದದ ಮೇಲೆ ಕೋಟ್ಯಾನ್–ಬಂಗೇರ ಸಂಬಂಧಕ್ಕೆ ಯಾವ ಅಡ್ಡಿಯೂ ಇಲ್ಲ. ಹಿರಿಯರ ಲೆಕ್ಕದಲ್ಲಿ ಇಬ್ಬರೂ ಒಂದೇ ಬರಿ, ಮಾತು ಅಲ್ಲಿಗೇ ಮುಗಿಯಿತು. ಇದರ ತದ್ವಿರುದ್ಧವೂ ಉಂಟು: ಎರಡೂ ಕಡೆ ಕೋಟ್ಯಾನ್ ಎಂದು ಕಂಡು ಗಾಬರಿಯಾಗಿ, ತಾಯಂದಿರ ಬರಿ ವಿಚಾರಿಸಿದ ಮೇಲೆ ನಿರಾಳವಾಗುವುದು. ಮದುವೆಯ ಬಯೋಡೇಟಾದಲ್ಲಿ ಅಡ್ಡಹೆಸರಿದ್ದೂ ‘ಬರಿ’ ಎಂದು ಬೇರೆ ಸಾಲು ಬರೆಯುವುದು ಇದಕ್ಕಾಗಿಯೇ. ಸರ್ಕಾರಕ್ಕೆ ಒಂದು, ಸಮುದಾಯಕ್ಕೆ ಒಂದು ಎಂಬ ಎರಡು ಲೆಕ್ಕದ ಪುಸ್ತಕಗಳು ಪ್ರತಿ ಮನೆಯಲ್ಲೂ ನಡೆಯುತ್ತಿವೆ. ಬಿಲ್ಲವರ ಅಸೋಸಿಯೇಷನ್ನಿನ ಸ್ಥಳೀಯ ಕಚೇರಿಗಳಲ್ಲಿ ಸಂಬಂಧದ ಮಾತು ಬಂದಾಗ ತೆರೆಯುವುದು ಎರಡನೆಯ ಪುಸ್ತಕ.

ಈಗ ಯಾರಾದರೂ ಎರಡನ್ನೂ ಒಂದುಮಾಡಲು ಹೊರಟರೆ, ಅಂದರೆ ತಾಯಿಯ ಬರಿಯನ್ನೇ ತನ್ನ ಅಡ್ಡಹೆಸರಾಗಿ ಆಯ್ದುಕೊಂಡರೆ? ದಾರಿ ಇದೆ. ಅಫಿಡವಿಟ್ ಮಾಡಿಸಿ, ಮಹಾರಾಷ್ಟ್ರ ಶಾಸನ ರಾಜಪತ್ರದ ಎರಡನೆಯ ಭಾಗದಲ್ಲಿ ಹಳೆಯ ಹೆಸರು, ಹೊಸ ಹೆಸರು ಎಂದು ಪ್ರಕಟಿಸಿದರಾಯಿತು. ಹೆಸರು ವ್ಯಕ್ತಿತ್ವದ ಅಭಿವ್ಯಕ್ತಿ, ಸಂವಿಧಾನದ 19(1)(ಎ) ವಿಧಿಯ ರಕ್ಷಣೆ ಅದಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಜಿಗ್ಯಾ ಯಾದವ್ ಪ್ರಕರಣದಲ್ಲಿ ಹೇಳಿಯೂ ಆಗಿದೆ. ಕಾನೂನು ಮುಗಿದಲ್ಲಿ ಜನ ಶುರುವಾಗುತ್ತಾರೆ. ತಂದೆ ಕೋಟ್ಯಾನ್, ಮಗ ಸಾಲ್ಯಾನ್ ಎಂಬ ಕಾಗದ ಕಂಡ ಗುಮಾಸ್ತ ತಲೆಯೆತ್ತಿ ನೋಡುತ್ತಾನೆ. ದತ್ತು ಮಗನೇ? ತಾಯಿಗೆ ಎರಡನೆಯ ಮದುವೆಯೇ? ನೆರೆಯವರು ಬಾಯಿಬಿಟ್ಟು ಕೇಳುವುದಿಲ್ಲ, ಮನಸ್ಸಿನಲ್ಲೇ ಉತ್ತರ ಬರೆದುಕೊಳ್ಳುತ್ತಾರೆ. ಕುತೂಹಲದ ಸಂಗತಿಯೆಂದರೆ, ಮರಾಠಿಯವರ ಕಿವಿಗೆ ಸಾಲ್ಯಾನ್ ಆಗಲಿ ಕೋಟ್ಯಾನ್ ಆಗಲಿ ವ್ಯತ್ಯಾಸವಿಲ್ಲ. ದಕ್ಷಿಣದ ಹೋಟೆಲಿನವರೆಲ್ಲ ಅವರಿಗೆ ಹೇಗೂ ಶೆಟ್ಟಿ ಅಥವಾ ಅಣ್ಣಾ. ತಂದೆಗೆ ಹೊಂದಲಿಲ್ಲವೆಂಬುದಷ್ಟೇ ಅವರನ್ನು ಕಾಡುವುದು. ಊರಿನ ಅಜ್ಜಿಯೊಬ್ಬಳ ದೃಷ್ಟಿಯಲ್ಲಿ ಇದಕ್ಕಿಂತ ಸರಿಯಾದ ಹೆಸರಿಲ್ಲ. ಒಂದೇ ಹೆಸರು ಉಡುಪಿಯ ಜಗಲಿಯಲ್ಲಿ ಸಂಪ್ರದಾಯ, ಡೊಂಬಿವಲಿಯ ಕೌಂಟರಿನಲ್ಲಿ ಬಂಡಾಯ.

ಇದೇ ನೆಲದ ಹಿಂದಿನ ಕಥೆ ನೋಡಿದರೆ ಈ ಗುಮಾನಿ ಇತ್ತೀಚಿನದೆಂದು ತಿಳಿಯುತ್ತದೆ. ಕಲ್ಯಾಣದ ದಾನಿಗಳ ಹೆಸರಿರುವ ಕಾನ್ಹೇರಿಯ ಗುಹೆಗಳಲ್ಲೇ ಗೌತಮೀಪುತ್ರ ಯಜ್ಞ ಸಾತಕರ್ಣಿಯ ಕಾಲದ ಶಾಸನವಿದೆ. ನಾಸಿಕದಲ್ಲಿ ಗೌತಮೀ ಬಲಶ್ರೀಯ ಶಾಸನ ಅವಳ ಮೊಮ್ಮಗ ವಾಸಿಷ್ಠೀಪುತ್ರ ಪುಳುಮಾವಿಯ ಆಳ್ವಿಕೆಯದು. ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದರೆ ಗೌತಮಿಯ ಮಗ, ವಾಸಿಷ್ಠಿಯ ಮಗ; ಈ ಸಾತವಾಹನ ರಾಜರು ಹೆಸರಿನಲ್ಲಿ ಹೊತ್ತದ್ದು ತಾಯಿಯ ಗುರುತು. ಸಾತವಾಹನರಲ್ಲಿ ರಾಜ್ಯ ಮಾತ್ರ ತಂದೆಯಿಂದ ಮಗನಿಗೇ ಹೋಗುತ್ತಿತ್ತು, ಆದ್ದರಿಂದ ಇದನ್ನು ಅಳಿಯಸಂತಾನದ ಪೂರ್ವರೂಪ ಎನ್ನುವುದು ಅತಿರೇಕ. ತಾಯಿಯ ಗುರುತನ್ನು ಹೆಸರಿನಲ್ಲಿ ಹೊರುವುದು ರಾಜನಿಗೂ ಕುಂದಾಗಿರಲಿಲ್ಲ ಎಂಬಷ್ಟಕ್ಕೆ ಸಾಕ್ಷ್ಯ ಸಾಲುತ್ತದೆ.

ಹತ್ತಿರದ ಉದಾಹರಣೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರದು. ಮನೆಮಾತು ಮರಾಠಿ, 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕಾಲೇಜು ಅಧ್ಯಾಪಕರು. ಅವರ ದಾಖಲೆಯ ಹೆಸರು ಮೂರು ಕಾಲಂಗಳಿಗೆ ಅಚ್ಚುಕಟ್ಟಾಗಿ ಕೂರುತ್ತದೆ. ತಾವೇ ಆಯ್ದುಕೊಂಡ ಅಂಬಿಕಾತನಯದತ್ತ ಎಂಬ ಹೆಸರಿನಲ್ಲಿ ತಂದೆಯೂ ಇಲ್ಲ, ಮನೆತನವೂ ಇಲ್ಲ, ತಾಯಿ ಇದ್ದಾಳೆ. ಕಾವ್ಯನಾಮವೆಂಬ ರಿಯಾಯಿತಿ ಇದ್ದುದರಿಂದ ಕನ್ನಡ ಓದುಗರು ಅದನ್ನು ತಲೆಯ ಮೇಲೆ ಹೊತ್ತರು. ರೇಷನ್ ಕಾರ್ಡಿಗೆ ಅದೇ ಹೆಸರನ್ನು ಬರೆದುಕೊಟ್ಟಿದ್ದರೆ ಆಗುತ್ತಿದ್ದುದನ್ನು ಊಹಿಸುವುದು ಕಷ್ಟವಲ್ಲ. ಕವಿಗೆ ಕೊಟ್ಟ ಸಲುಗೆಯನ್ನು ಕ್ಯಾಂಟೀನಿನ ಕ್ಯಾಶಿಯರಿಗೆ ಸಮಾಜ ಕೊಡುವುದಿಲ್ಲ.

ಮಹಾರಾಷ್ಟ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ನಮೂನೆಯನ್ನೇ ಬದಲಿಸುವ ತೀರ್ಮಾನ ಮಾಡಿತು. 2024ರ ಮೇ 1ರಂದು ಮತ್ತು ಅನಂತರ ಹುಟ್ಟಿದವರ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಸ್ವಾಗತಿಸಬೇಕಾದ ಹೆಜ್ಜೆ, ಅನುಮಾನವಿಲ್ಲ. ತಾಯಿಯ ಹೆಸರು ಹೇಳುವುದು ಇನ್ನು ವಿಶೇಷ ಸಂಗತಿಯಲ್ಲ, ನಿಯಮ. ಆದರೆ ಒಳಗೆ ಬಂದದ್ದು ತಾಯಿಯ ವೈಯಕ್ತಿಕ ಹೆಸರು, ಅವಳ ಬರಿಯಲ್ಲ. ಕೊನೆಯ ಕಾಲಂ ಮೊದಲಿನಂತೆ ತಂದೆಯ ಕಡೆಗೇ ಓಡುತ್ತದೆ. ನಮ್ಮ ಡೊಂಬಿವಲಿಯ ಕೋಟ್ಯಾನ್–ಸಾಲ್ಯಾನ್ ಮನೆಯಲ್ಲಿ ಇಂದು ಹುಟ್ಟಿದ ಮಗುವಿನ ಹೆಸರು ಮೂರರ ಬದಲು ನಾಲ್ಕು ಪದದ್ದಾಗುತ್ತದೆ, ಆ ನಾಲ್ಕರಲ್ಲೂ ಸಾಲ್ಯಾನ್ ಇರುವುದಿಲ್ಲ. ಇದ್ದರೆ ಇರಬೇಕಾದದ್ದು ರಾಜಪತ್ರದ ದಾರಿಯಿಂದಲೇ, ಗುಮಾಸ್ತನ ಅದೇ ಪ್ರಶ್ನೆಗಳಿಗೆ ಉತ್ತರಿಸಿಯೇ. ಹೊಸ ಕ್ರಮದ ಮೊದಲ ಮಕ್ಕಳು 2030ರ ಸುಮಾರಿಗೆ ಒಂದನೆಯ ತರಗತಿಗೆ ಸೇರುತ್ತಾರೆ. ಅವರು ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಬಯೋಡೇಟಾದಲ್ಲಿ ‘ಬರಿ’ ಎಂಬ ಸಾಲು ಉಳಿದಿರುತ್ತದೆಯೇ ಎಂಬುದು ಸಮುದಾಯ ಸಂಘಗಳ ಮದುವೆ ನೋಂದಣಿ ಪುಸ್ತಕಗಳಲ್ಲಿ ಹುಡುಕಬೇಕಾದ ವಿಷಯ. ರಾಜಪತ್ರದಲ್ಲಿ ಅದು ಸಿಗಲಾರದು.