ಸೇವೆ ಕಲಿಯಲು ಪರದೇಶಕ್ಕೆ

2025ರ ಶ್ರಾವಣದಲ್ಲಿ ಭಂಕೂರಿಗೆ ಹೋದಾಗ ಅಣ್ಣನ ಮಗಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾದ ಅರ್ಜಿ. ಮೊದಲು ವೃದ್ಧರ, ಅಂಗವಿಕಲರ ಆರೈಕೆಯ ಒಂದು ಸರ್ಟಿಫಿಕೇಟ್, ಆಮೇಲೆ ಕಮ್ಯುನಿಟಿ ಸರ್ವಿಸಸ್ ಡಿಪ್ಲೊಮಾ. ‘ಈ ಕೋರ್ಸನ್ನೇ ಏಕೆ ಆರಿಸಿಕೊಂಡಿರಿ?’ ಎಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ 150 ಶಬ್ದ ಮೀರದಂತೆ ಉತ್ತರ ಬರೆಯಬೇಕಿತ್ತು. ‘ಕಾಕಾ, ನೀನು ಮಾಸ್ತರ ಇದ್ದಿ, ಛಂದಗೆ ಬರದು ಕೊಡು’ ಅಂದಳು.

ಕಟ್ಟೆಯ ಫರಸಿ ಕಲ್ಲಿನ ಮೇಲೆ ಕೂತಿದ್ದ ಅಪ್ಪ ಅಲ್ಲಿಂದಲೇ ಕೂಗಿದ: ‘ಮುದುಕರ ಸೇವಾ ಮಾಡದು ಕಲಿಲಾಕ ಅಷ್ಟು ದೂರ ಹೋಗಬೇಕೇನು? ಇಲ್ಲಿ ನಾ ಇಲ್ಲೇನು?’

ಎಲ್ಲರೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ತೊಗರಿ ಬೆಳೆಯುವ ಎರಡು ಎಕರೆ ಹೊಲ ಒತ್ತೆ ಬಿದ್ದಿತ್ತು. ವೀಸಾ ಅರ್ಜಿಗೇ 2,000 ಡಾಲರ್, ಅಂದರೆ ಲಕ್ಷ ರೂಪಾಯಿಗೂ ಮೇಲು. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸು ಬರುವುದಿಲ್ಲ. ಒಂದು ವರ್ಷದ ಊಟ, ಬಾಡಿಗೆಗೆಂದು 29,710 ಡಾಲರ್ ಕೈಯಲ್ಲಿದೆ ಎಂದು ತೋರಿಸಬೇಕು. ಕಾಲೇಜಿನ ಫೀ ಬೇರೆ.

ಅಪ್ಪನ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಳೆಯ ಪುಸ್ತಕಗಳನ್ನು ತೆಗೆದೆ. ಹುಡುಕಿದ ಉತ್ತರ ಹುಬ್ಬಳ್ಳಿಯಲ್ಲಿ ಸಿಕ್ಕಿತು.

ಧಾರವಾಡ ಸೀಮೆಯ ನಾರಾಯಣ ಸುಬ್ಬರಾವ್ ಹರ್ಡೀಕರ್ 1913ರಲ್ಲಿ ಅಮೆರಿಕಕ್ಕೆ ಹೋದವರು. ವೈದ್ಯಕೀಯ ಓದಿದ್ದ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದದ್ದು 1916ರಲ್ಲಿ. ಒಬ್ಬ ರೋಗಿಯ ನಾಡಿ ಹಿಡಿಯುವುದು ಒಂದು ವಿದ್ಯೆ. ಇಡೀ ಊರಿನ ನೀರು, ಕಕ್ಕಸು, ಕಸ ನೋಡುವುದು ಇನ್ನೊಂದು. ಇದನ್ನು ಶಾಲೆಯಲ್ಲಿ ಕಲಿಸಬಹುದು ಎಂಬ ಆಲೋಚನೆ ಆಗ ಅಲ್ಲಿಯೂ ಹೊಸದೇ. ಬಡವರ ನಡುವೆ ಕೆಲಸ ಮಾಡುವವರಿಗೆಂದು ನ್ಯೂಯಾರ್ಕಿನಲ್ಲಿ ಆರು ವಾರಗಳ ಬೇಸಿಗೆ ಶಾಲೆ ಶುರುವಾದದ್ದು 1898ರಲ್ಲಿ. ನಮ್ಮ ದೇಶದಲ್ಲಿ ಅಂಥದೊಂದು ಶಾಲೆ ಬರಲು 1936 ಆಗಬೇಕಾಯಿತು. ಮುಂಬಯಿಯ ಆ ಟಾಟಾ ಶಾಲೆಯನ್ನು ಕಟ್ಟಿದವನು ಕ್ಲಿಫರ್ಡ್ ಮ್ಯಾನ್‌ಶರ್ಟ್ ಎಂಬ ಅಮೆರಿಕದವನು.

ಹರ್ಡೀಕರರು ಅಮೆರಿಕದಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು 1921ರಲ್ಲಿ ಮರಳಿದರು. ಸೇವೆಗೂ ತರಬೇತಿ ಬೇಕು ಎಂಬುದು ಅವರಿಗೆ ಗಟ್ಟಿಯಾದದ್ದು ಮಾತ್ರ ಜೈಲಿನ ಕಾರಣದಿಂದ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆ ಸಿಕ್ಕ ಅನೇಕರು ಜೈಲಿನ ಕಷ್ಟ ತಾಳದೆ ಕ್ಷಮೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಜೊತೆ ಹೋದ ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಉತ್ಸಾಹ ಎರಡೂ ಕಡೆ ಇತ್ತು, ಶಿಸ್ತು ಒಂದೇ ಕಡೆ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಅಖಿಲ ಭಾರತ ಸಂಘಟನೆಗೆ ಒಪ್ಪಿಗೆ ಸಿಕ್ಕಿತು. ಹಿಂದುಸ್ತಾನಿ ಸೇವಾದಳ ಹುಟ್ಟಿತು, ಅದರ ಕೇಂದ್ರ ಹುಬ್ಬಳ್ಳಿಯಾಯಿತು. ಕವಾಯತು, ಸಮವಸ್ತ್ರ ಕಂಡು ಇದೇನು ಸೈನ್ಯವೇ ಎಂದು ಮೂಗು ಮುರಿದ ಗಾಂಧಿವಾದಿಗಳೂ ಇದ್ದರು.

ಇನ್ನೊಬ್ಬರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಹುಟ್ಟಿದವರು, ಬಾಲವಿಧವೆ. ಹರೀಂದ್ರನಾಥರನ್ನು ಮದುವೆಯಾಗಿ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಡಿಪ್ಲೊಮಾ ಓದಿದರು. ನಮ್ಮ ಹುಡುಗಿಯ ಕಾಗದದ ಮೇಲಿರುವ ಶಬ್ದವೂ ‘ಡಿಪ್ಲೊಮಾ’ವೇ ಎಂದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಗಾಂಧಿಯವರ ಚಳವಳಿ ಕರೆಯಿತು; ಕಮಲಾದೇವಿ ಮರಳಿ ಬಂದು ಸೇವಾದಳ ಸೇರಿ, ಸೇವಿಕೆಯರನ್ನು ಹುಡುಕಿ ತಂದು ತರಬೇತಿ ಕೊಡುವ ಕೆಲಸ ಹೊತ್ತರು.

ಇವರಿಬ್ಬರ ಕಥೆಯನ್ನೇ ಬರೆದು ನಿಲ್ಲಿಸಿದ್ದರೆ ಅಪ್ಪನಿಗೆ ಉತ್ತರ ಸಿಕ್ಕಂತಾಗುತ್ತಿತ್ತು. ಆದರೆ ಅವರ ಪಕ್ಕದಲ್ಲೇ ಉಮಾಬಾಯಿ ಕುಂದಾಪುರ ನಿಂತಿದ್ದಾರೆ. 1892ರಲ್ಲಿ ಹುಟ್ಟಿದ ಉಮಾಬಾಯಿ ಓದಲೆಂದು ಕಡಲು ದಾಟಿದವರಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಾವನ ಬೆಂಬಲದಿಂದ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳ ನಡೆಸಿದವರು, ಸೇವಾದಳದ ಮಹಿಳಾ ವಿಭಾಗ ಕಟ್ಟಿದವರು. 1924ರ ಬೆಳಗಾವಿ ಅಧಿವೇಶನಕ್ಕೆ ಅವರು ಕರೆತಂದ ಸ್ವಯಂಸೇವಕಿಯರು 150ಕ್ಕೂ ಹೆಚ್ಚು. ಅವರಲ್ಲಿ ಎಷ್ಟೋ ಮಂದಿ ವಿಧವೆಯರು. ಹಿತ್ತಲಿನ ಬಾಗಿಲು ಬಿಟ್ಟು ಹೊರಗೆ ಕಾಣಿಸಿಕೊಳ್ಳಬಾರದಿದ್ದ ಹೆಂಗಸರು ಸಾವಿರಾರು ಜನರ ನಡುವೆ ನಿಂತು ಕೆಲಸ ಮಾಡಿದರು.

ಅದೇ ಬೆಳಗಾವಿಯಲ್ಲಿ ಗಾಂಧೀಜಿಯ ಎದುರು ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್. ಹಾಡುವ ಅಂಜಿಕೆಗಿಂತ ಆಕೆಗೆ ಇನ್ನೊಂದು ಅಂಜಿಕೆ ದೊಡ್ಡದಾಗಿತ್ತಂತೆ: ತನ್ನ ಜಾತಿ ನೋಡಿ ಎಲ್ಲಿ ಉಂಡ ಎಲೆ ಎತ್ತಲು ಹೇಳುತ್ತಾರೋ ಎಂದು. ನಾನು ಇಲ್ಲಿ ಬಹಳ ಹೊತ್ತು ನಿಂತೆ. ನಮ್ಮಲ್ಲಿ ಸೇವೆ ಎಂಬುದು ಕಲಿಯುವ ವಿದ್ಯೆಯಾಗಿರಲಿಲ್ಲ, ಹುಟ್ಟಿನಿಂದ ತಲೆಗೆ ಬೀಳುವ ಕೆಲಸವಾಗಿತ್ತು. ಎಲೆ ಎತ್ತುವವರು ಒಂದು ಜಾತಿ, ಹೊಲಸು ಬಳಿಯುವವರು ಇನ್ನೊಂದು ಜಾತಿ, ಮನೆಯೊಳಗಿನ ಮುದುಕರನ್ನು ನೋಡುವವರು ಸೊಸೆಯಂದಿರು. ಹುಟ್ಟಿದಾಗಲೇ ಬಂದದ್ದನ್ನು ಯಾರು ಯಾಕೆ ಕಲಿಯಬೇಕು? ಅಪ್ಪನ ತಮಾಷೆಯಲ್ಲಿ ಈ ನಂಬಿಕೆಯೂ ಇತ್ತು ಎಂದು ಆಗ ನನಗೆ ಹೊಳೆಯಿತು.

ಉಮಾಬಾಯಿ ಆಮೇಲೂ ಸುಮ್ಮನಿರಲಿಲ್ಲ. ಯರವಡಾ ಜೈಲು ಕಂಡರು. 1934ರ ಬಿಹಾರದ ಭೂಕಂಪದ ನಿರಾಶ್ರಿತರ ನಡುವೆ ಕೆಲಸ ಮಾಡಿದರು. 1946ರಲ್ಲಿ ಗಾಂಧೀಜಿ ಅವರಿಗೆ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಒಪ್ಪಿಸಿದರು. ಹಳ್ಳಿಯ ಹೆಂಗಸರನ್ನು ಆರಿಸಿ ಆರೋಗ್ಯ, ಶಿಶುಪಾಲನೆ, ನೈರ್ಮಲ್ಯ ಕಲಿಸಿ ಗ್ರಾಮಸೇವಿಕೆಯರನ್ನಾಗಿ ಮಾಡುವ ಕೆಲಸ. ಇಂದಿನ ಮಾತಿನಲ್ಲಿ ಹೇಳಿದರೆ ಪಕ್ಕಾ ವೃತ್ತಿ ತರಬೇತಿ. ದುಡ್ಡಿಗಾಗಿ ಮನೆಮನೆ ತಿರುಗಿ ಬೇಡಿದರು. ನಮ್ಮ ಸೀಮೆ ಆಗ ನಿಜಾಮನ ಕೈಯಲ್ಲಿತ್ತು. ಭಂಕೂರು, ಶಹಾಬಾದ, ವಾಡಿಯ ಜನ ಅದರಿಂದ ಹೊರಬಂದದ್ದು 1948ರ ಸೆಪ್ಟೆಂಬರಿನಲ್ಲಿ. ಹುಬ್ಬಳ್ಳಿಯಲ್ಲಿ ನಡೆಯುತ್ತಿದ್ದುದು ನಮ್ಮವರಿಗೆ ಬೇರೆ ರಾಜ್ಯದ ಸುದ್ದಿ.

ಸೇವಾದಳದವರಿಗೂ ನಮ್ಮ ಹುಡುಗಿಗೂ ಇರುವ ವ್ಯತ್ಯಾಸವನ್ನು ಮುಚ್ಚಿಡುವುದು ಬೇಡ. ಅವರು ಕಲಿತು ಮರಳಿದರು, ಕೂಲಿ ಕೇಳಲಿಲ್ಲ. ಇವಳು ಮರಳುತ್ತಾಳೋ ಇಲ್ಲವೋ ಗೊತ್ತಿಲ್ಲ, ಕೂಲಿ ಮಾತ್ರ ಕೇಳಲೇಬೇಕು. ಒತ್ತೆ ಬಿಡಿಸುವುದು ಅದರಿಂದಲೇ. ಆ ಸರ್ಟಿಫಿಕೇಟಿಗೆ ನಿಜವಾದ ಆರೈಕೆಯ ಜಾಗದಲ್ಲಿ ಕನಿಷ್ಠ 120 ತಾಸು ದುಡಿಯಬೇಕು, ಸಾಮಾನ್ಯವಾಗಿ ಅದಕ್ಕೆ ಸಂಬಳವಿಲ್ಲ. ಹೊಟ್ಟೆಪಾಡಿನ ಕೆಲಸಕ್ಕೆ, ಪಾಠ ನಡೆಯುವ ದಿನಗಳಲ್ಲಿ, ಹದಿನೈದು ದಿನಕ್ಕೆ 48 ತಾಸಿನ ಮಿತಿ. ತಾಸಿನ ಲೆಕ್ಕದ ಸೇವೆ ಎಂದು ಹೀಗಳೆಯುವವರನ್ನು ಬಲ್ಲೆ. ಗಂಗೂಬಾಯಿಯವರ ಅಂಜಿಕೆಯನ್ನು ಓದಿದ ಮೇಲೆ ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ತಾಸಿಗೆ ಇಷ್ಟು ಎಂದು ಗೊತ್ತಾದ ಕೆಲಸ ಯಾರ ಜಾತಿಯದೂ ಅಲ್ಲ.

ರಾತ್ರಿ ಕೂತು 150 ಶಬ್ದ ಬರೆದೆ. ಹರ್ಡೀಕರರು, ಮಿಷಿಗನ್, 1916, ಎಲ್ಲವೂ ಅದರಲ್ಲಿ ಬಂತು. ಬೆಳಗ್ಗೆ ಚಹಾ ಕುಡಿಯುವಾಗ ಅವಳು ಓದಿ, ‘ಭಾಳ ಛಂದ ಅದ ಕಾಕಾ’ ಅಂದಳು. ಆಮೇಲೆ ನನ್ನೆದುರಿಗೇ ಅಳಿಸಿದಳು. ‘ಸಿಟ್ಟಿಗಿ ಬರಬ್ಯಾಡ. ಇವರು ಯಾರಂತ ಅವರು ಕೇಳಿದ್ರ ನನಗ ಹೇಳ್ಲಾಕ ಬರಲ್ಲ. ಆಯಿದು ಬರೀತೀನಿ.’

ನಮ್ಮ ಅವ್ವ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಮಗ್ಗುಲು ಹೊರಳಿಸಿದವಳು, ಬೆನ್ನು ಒರೆಸಿದವಳು, ಕಾಲೇಜು ಮುಗಿಸಿ ಓಡಿ ಬರುತ್ತಿದ್ದ ಈ ಹುಡುಗಿ. ನಾನು ತಿಂಗಳಿಗೊಮ್ಮೆ ಹಣ್ಣು ತೆಗೆದುಕೊಂಡು ಬಂದು ಹೋಗುತ್ತಿದ್ದೆ. ಅವ್ವನ ಬೆನ್ನಿಗೆ ಹುಣ್ಣಾಗಿತ್ತು; ಎರಡು ತಾಸಿಗೊಮ್ಮೆ ಹೊರಳಿಸಬೇಕು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಇದನ್ನೇ ಬರೆದಳು. ಎಣಿಸಿದರೆ 112 ಶಬ್ದ. ನಾನು ಎರಡು ಕಡೆ ವ್ಯಾಕರಣ ತಿದ್ದಿ ಕೊಟ್ಟೆ.